ಮಾವನ ಮರೆವು

ಬೀಗ ರಿಪೇರಿಯ ಮಾವನ ಕೈಯಲ್ಲಿ ತೆರೆಯದ ಬೀಗವಿರಲಿಲ್ಲ. ಆದರೆ ಡಾಕ್ಟರ ಮಾತು ಮಾತ್ರ ಅವರ ಕಿವಿಯೊಳಗೆ ಇಳಿಯುತ್ತಿರಲಿಲ್ಲ. ಹೋದ ರಂಜಾನಿನಲ್ಲಿ ರೋಜಾದ ಉಪವಾಸದಿಂದ ರಕ್ತದ ಸಕ್ಕರೆ ಇಳಿದು, ಕೀಲಿ ಉಜ್ಜುವ ಅರ ಕೈಯಲ್ಲಿ ಹಿಡಿದಂತೆಯೇ ಮೇಜಿನ ಮೇಲೆ ಕುಸಿದಿದ್ದರು. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಸೊಸೆಗೆ ಹೇಳಿ ಕಳಿಸಿದ್ದರು.

ಈ ಸಲ ಚಂದ್ರ ಕಂಡ ಸಂಜೆಯೇ ಸೊಸೆ ಶುರುಮಾಡಿದಳು. "ಮಾವ, ಕಾಯಿಲೆಯವರು ರೋಜಾ ಬಿಡಬಹುದು ಅಂತ ಅಲ್ಲಾಹನೇ ಹೇಳಿದ್ದಾನೆ. ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಹಾಕಿಸಿದ್ರೆ ಆಯ್ತು."

"ಕಾಯಿಲೆಯವರು ಯಾರು?" ಎಂದು ಮಾವ ಕೋಣೆಯ ಮೂಲೆಮೂಲೆ ಹುಡುಕಿದರು. "ಗುಹೆಯಲ್ಲಿ ಒಬ್ಬರೇ ಕೂತಿದ್ದ ಪ್ರವಾದಿಯವರಿಗೆ 'ಓದು' ಅಂತ ಮೊದಲ ಆಜ್ಞೆ ಇಳಿದ ತಿಂಗಳಮ್ಮಾ ಇದು. ಇಂಥ ತಿಂಗಳಲ್ಲಿ ನಾನು ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು ಕೂತಿರ್ಲಾ?"

ಇಂಥವರ ಹತ್ತಿರ ವಾದ ಮಾಡುವುದೂ ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಸೊಸೆ ನೇರ ಮಸೀದಿಯ ಇಮಾಮರ ಮನೆಗೆ ಹೋದಳು.

"ಮರೆತು ತಿಂದ್ರೆ ರೋಜಾ ಮುರಿಯುತ್ತಾ?"

"ಇಲ್ಲಮ್ಮ. ಮರೆತವನಿಗೆ ಅಲ್ಲಾಹನೇ ಉಣಿಸಿದ ಅಂತ."

"ನೋಡಿದವರು ನೆನಪಿಸ್ಬೇಕಾ?"

"ಗಟ್ಟಿಮುಟ್ಟಾಗಿರೋರಿಗೆ ನೆನಪಿಸ್ಬೇಕು. ವಯಸ್ಸಾಗಿ ಸೋತವರಾದ್ರೆ ಸುಮ್ಮನಿರಬಹುದು."

"ತಟ್ಟೆ ಎದುರಿಗಿಟ್ಟು, ಮರೀಲಿ ಅಂತ ಕಾದ್ರೆ?"

ಇಮಾಮರು ಗಡ್ಡ ನೀವಿಕೊಂಡರು. "ಈ ಪ್ರಶ್ನೆ ನನಗೆ ಕೇಳಿಸಲಿಲ್ಲ."

ಮಾವನ ಮರೆವೇನು ಸಾಮಾನ್ಯದ್ದಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು, ಕದ್ದವರು ಯಾರೆಂದು ಮನೆಮಂದಿಯ ಮೇಲೆಲ್ಲ ರೇಗುವವರು. ಮರುದಿನ ಮಧ್ಯಾಹ್ನ ಸೊಸೆ ಬ್ರೆಡ್ಡು, ಬಾಳೆಹಣ್ಣು, ಚಹಾ ತಂದು ಅವರ ಮೊಣಕೈ ಪಕ್ಕ ಇಟ್ಟು ಬಾಗಿಲ ಮರೆಗೆ ಸರಿದಳು. ಮಾವ ಕೀಲಿಕೈ ಉಜ್ಜುತ್ತಲೇ ಇದ್ದರು. ಕೈ ತಾನಾಗಿ ತಟ್ಟೆಗೆ ಹೋಯಿತು. ತಟ್ಟೆ ಖಾಲಿಯಾಯಿತು. ಲೋಹದ ಪುಡಿ ಒರೆಸುವ ನೆಪದಲ್ಲಿ ಸೊಸೆ ಗಡ್ಡದಲ್ಲಿದ್ದ ಬ್ರೆಡ್ಡಿನ ಚೂರನ್ನೂ ಒರೆಸಿದಳು.

ಸಂಜೆ ಅಜಾನ್ ಕೂಗಿದಾಗ ಮಾವ ಎಲ್ಲರ ಜೊತೆ ಕೂತು ಖರ್ಜೂರ ಬಾಯಿಗಿಟ್ಟರು.

"ರೋಜಾ ಹೇಗಿತ್ತು ಮಾವ?"

"ಅಲ್ಲಾಹ್ ದೊಡ್ಡವನು. ಹಸಿವೇ ಗೊತ್ತಾಗಲಿಲ್ಲ."

ದಿನಾ ಇದೇ ಆಟ. ಒಂದು ದಿನವಂತೂ ಮಾವ ಆ ಮರೆವಿನಲ್ಲೇ ಬ್ರೆಡ್ಡಿನ ಸೀದ ಅಂಚನ್ನು ಬಿಡಿಸಿ ಪಕ್ಕಕ್ಕಿಟ್ಟಿದ್ದರು. ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಸೊಸೆ ಇರಲಿಲ್ಲ. ವಿಷಯ ತಿಳಿದರೆ ಮಾವ ಜನ್ಮದಲ್ಲಿ ತನ್ನ ಮುಖ ನೋಡಲಾರರು ಎಂಬ ಹೆದರಿಕೆ ಅವಳನ್ನು ಹಿಂಡುತ್ತಿತ್ತು. ಪ್ರತಿ ನಮಾಜಿನಲ್ಲೂ, "ಪಾಪವಾಗಿದ್ರೆ ನನಗೇ ಬರಲಿ, ಅವರನ್ನ ಉಳಿಸು" ಎಂದು ಬೇಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಅಡುಗೆಮನೆಯ ನಲ್ಲಿ ಕಿತ್ತುಕೊಂಡು ಮನೆಯೆಲ್ಲ ನೀರಾಯಿತು. ಬಕೆಟ್ಟು, ಬಟ್ಟೆ ಎಂದು ಒದ್ದಾಡುವುದರಲ್ಲಿ ಸೊಸೆಗೆ ತಟ್ಟೆಯ ನೆನಪೇ ಹಾರಿಹೋಯಿತು. ಮಧ್ಯಾಹ್ನ ಕಳೆಯಿತು. ಮುಂದಿನ ಕೋಣೆಯಲ್ಲಿ ಅರದ ಸದ್ದು ನಿಂತಿತು. ಒದ್ದೆ ಕಾಲಿನಲ್ಲೇ ಓಡಿದಳು.

ಮಾವ ನೆಟ್ಟಗೆ ಕೂತು, ಖಾಲಿ ಮೇಜನ್ನು ನೋಡುತ್ತಿದ್ದರು.

"ಮಗಳೇ, ಇವತ್ತು ಯಾಕೋ ನನಗೆ ಏನೂ ಮರೀತಾನೇ ಇಲ್ಲ."

"ಅಂದ್ರೆ ಇಷ್ಟು ದಿನ ಗೊತ್ತಿದ್ದೇ ತಿಂದ್ರಾ?" ಎಂದಳು ಸೊಸೆ.

"ರೋಜಾಕ್ಕೆ ನಿಯ್ಯತ್ ಬೇಕಲ್ಲಮ್ಮ, ಇವತ್ತು ರೋಜಾ ಹಿಡೀತೀನಿ ಅನ್ನೋ ಮನಸ್ಸಿನ ಸಂಕಲ್ಪ. ಅದನ್ನ ನಾನು ಒಂದು ದಿನವೂ ಮಾಡಿಲ್ಲ. ನಿನ್ನ ಮುಂದೆ ಜಂಬ ಕೊಚ್ಚಿಕೊಂಡೆ, ಆದ್ರೆ ಹೋದ ವರ್ಷ ಬಿದ್ದದ್ದು ನನಗೂ ನೆನಪಿದೆಯಲ್ಲ. ಈ ಸಲ ಚಂದ್ರ ಕಂಡ ರಾತ್ರಿಯೇ ಇಮಾಮರ ಹತ್ರ ಹೋಗಿ ಬಡವರ ಊಟಕ್ಕೆ ದುಡ್ಡು ಕೊಟ್ಟು ಬಂದೆ. ಅವರು ಗಡ್ಡದೊಳಗೇ ನಗ್ತಿದ್ರು. ಯಾಕೆ ಅಂತ ತಟ್ಟೆ ಬಂದ ಮೇಲೆ ಗೊತ್ತಾಯ್ತು."

"ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ಮಾವ? ನಾನು ದಿನಾ ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟು ಅಳ್ತಿದ್ದೆ!"

"ಹೇಳೋಣ ಅಂತಲೇ ಕೂತಿದ್ದೆ. ಅಷ್ಟರಲ್ಲಿ ನೀನು ಕಳ್ಳಹೆಜ್ಜೆ ಇಟ್ಕೊಂಡು ಬಂದೆ." ಮಾವ ಅರವನ್ನು ಪಕ್ಕಕ್ಕಿಟ್ಟರು. "ನಮ್ಮಮ್ಮ ಹೋದ ಮೇಲೆ ನನಗೆ ಯಾರೂ ಹಾಗೆ ಕದ್ದು ಉಣಿಸಿರಲಿಲ್ಲ. ಹೇಳಿದ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಭಯ ಆಯ್ತು."

ಸೊಸೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ತಟ್ಟೆ ತಂದಿಟ್ಟು, ಬಾಗಿಲ ಮರೆಗೆ ಹೋಗದೆ ಅವರ ಎದುರಿಗೇ ಕೂತಳು.

"ತಿನ್ನಿ ಮಾವ. ನೆನಪಿಟ್ಟುಕೊಂಡೇ ತಿನ್ನಿ."