ರಾವಿರಿ ಮಾವನ ಅಂಗೈ

ಬ್ಲಫ್ ಬಂದರಿನ ಬಳಿಯ ನಮ್ಮ ಮಾಂಸದ ಕಾರ್ಖಾನೆಯಲ್ಲಿ ಕರಗಿಸಿದ ಕುರಿಕೊಬ್ಬು ಉದ್ದನೆಯ ಕೊಳವೆಯೊಳಗೆ ಹೊರಗಿನ ಟ್ಯಾಂಕಿಗೆ ಹರಿಯುತ್ತದೆ. ಭೂಗೋಳದ ದಕ್ಷಿಣಕ್ಕಿರುವ ನಮ್ಮಲ್ಲಿ ಜುಲೈ ಎಂದರೆ ಚಳಿಗಾಲ; ಆ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿದರೆ ಎಲ್ಲ ಕೆಲಸವೂ ನಿಂತಂತೆ. ಅದಕ್ಕೇ ಕೊಳವೆಗೆ ರಬ್ಬರ್ ಹೊದಿಕೆಯ, ಬಟ್ಟೆಯಂತೆ ಬಗ್ಗುವ ಹೀಟರ್ ಪಟ್ಟಿಗಳನ್ನು ಸುತ್ತುತ್ತೇವೆ. ಉಪ್ಪುಗಾಳಿ, ಹಬೆಗಳ ನಡುವೆ ಅವು ಹೆಚ್ಚು ದಿನ ಬಾಳುವುದಿಲ್ಲ.

ಇಪ್ಪತ್ತಾರು ವರ್ಷ ಆ ಪಟ್ಟಿಗಳನ್ನು ನೋಡಿಕೊಂಡವನು ರಾವಿರಿ ಮಾವ, ನನ್ನಮ್ಮನ ತಮ್ಮ. ನನಗೆ ಕೆಲಸ ಕಲಿಸಿದವನೂ ಅವನೇ. ಬರಿಯ ಅಂಗೈ ಇಟ್ಟು, ಎಲ್ಲಿ ಪಟ್ಟಿ ಸತ್ತಿದೆಯೆಂದು ಹೇಳಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಕೊಳವೆಯ ಮೇಲೆ ಕೈಯಿಟ್ಟೇ ನಿಂತ. "ನೈರಿ, ಇಲ್ಲಿ ತಣ್ಣಗಿದೆ ಕಣೇ. ಹೊಸ ಪಟ್ಟಿ ತಾ."

ನನ್ನ ಮೀಟರ್ ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. "ಮಾವಾ, ಕೈ ತೆಗಿ! ಸುಡ್ತಿದೆ!"

"ಸುಮ್ನಿರೇ. ನಿನ್ನ ಡಬ್ಬಿಗೆ ತಲೆ ಕೆಟ್ಟಿದೆ."

ನಾನೇ ಅವನ ಕೈಯನ್ನು ಎಳೆದೆ. ಅಂಗೈಯಲ್ಲಿ ಬೆಳ್ಳಗೆ ಬೊಬ್ಬೆ ಎದ್ದಿತ್ತು. ಅವನು ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

"ಯಾವಾಗಿಂದ ಹೀಗೆ?"

"ಹೋದ ವರ್ಷದಿಂದ. ಸಕ್ಕರೆ ಕಾಯಿಲೆ ನೋಡು, ಬೆರಳೆಲ್ಲ ಜೋಮು." ನಗಲು ನೋಡಿದ. "ನಿಮ್ಮತ್ತೆಗೆ ಹೇಳ್ಬೇಡ, ಒಲೆ ಹತ್ರಕ್ಕೂ ಬಿಡಲ್ಲ." ಆಮೇಲೆ ದನಿ ತಗ್ಗಿಸಿದ. "ಆಫೀಸಿಗಂತೂ ಬೇಡ. ಮನೇಲಿ ಕೂತು ಏನ್ ಮಾಡ್ಲೇ ನಾನು?"

ನಾನು ಯಾರಿಗೂ ಹೇಳಲಿಲ್ಲ. ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ಅವನು ಮೇಲೆ ಕೈಗವಸು ಹಾಕಿಕೊಂಡು ದಿನವೂ ಬಂದ. ನೋವೇ ಇಲ್ಲದ್ದರಿಂದ ಗಾಯ ಕೊಳೆಯುತ್ತಿದ್ದುದು ಅವನಿಗೆ ತಿಳಿಯಲಿಲ್ಲ. ಬಿಚ್ಚಿ ತೋರಿಸು ಎಂದು ನಾನೂ ಒತ್ತಾಯಿಸಲಿಲ್ಲ. ಒಂಬತ್ತನೆಯ ದಿನ ಜ್ವರ ಏರಿ ಮೆಟ್ಟಿಲ ಬಳಿ ಕುಸಿದ. ಇನ್ವರ್ಕಾರ್ಗಿಲ್ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ಕತ್ತರಿಸಿ ತೆಗೆದರು.

ಹೊರಗಿನ ಬೆಂಚಿನಲ್ಲಿ ಹುಯಿಯಾ ಅತ್ತೆ ಕೇಳಿದಳು, "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು, ಅತ್ತೆ."

ಅವಳು ಎದ್ದುಹೋಗಿ ದೂರದ ಕುರ್ಚಿಯಲ್ಲಿ ಕೂತಳು.

ಮಾವ ಮತ್ತೆ ಕೆಲಸಕ್ಕೆ ಬರಲಿಲ್ಲ. ಫೋನ್ ಮಾಡಿದಾಗ, "ನಿನ್ನ ತಪ್ಪಲ್ಲ, ನಾನೇ ಬಾಯಿ ಮುಚ್ಚಿಸಿದ್ದು" ಎನ್ನುತ್ತಿದ್ದ. ಅತ್ತೆ ಮಾತ್ರ ನನ್ನೊಡನೆ ಮಾತಾಡಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ, ನಮ್ಮವರು ಹತ್ತಿರದ ದ್ವೀಪಗಳಿಂದ ಕಡಲಹಕ್ಕಿ ಹಿಡಿದು ತಂದು ನಂಟರಿಗೆಲ್ಲ ಹಂಚುವ ಕಾಲಕ್ಕೆ, ನನ್ನ ಬಾಗಿಲ ಮುಂದೆ ಉಪ್ಪು ಹಾಕಿದ ತೀತೀ ಹಕ್ಕಿಗಳ ಒಂದು ಬಕೆಟ್ ಇತ್ತು. ನಾನು ಹೊರಗೆ ಓಡಿದೆ. ಅತ್ತೆಯ ಕಾರು ಆಗಲೇ ತಿರುವು ದಾಟಿತ್ತು.