ಮೂರನೇ ಸಾಲಿನ ನಾಲ್ಕನೆಯದು

ಅತ್ತೆಯ ಕೈಕೆಲಸವನ್ನು ಅವರಿಗೆ ಗೊತ್ತಾಗದ ಹಾಗೆ ನಾನು ಮೊದಲ ಸಲ ತಿದ್ದಿದ್ದು ಸೆಪ್ಟೆಂಬರಿನಲ್ಲಿ. ಯಾರದೋ ಮಗುವಿನ ಹುಟ್ಟುಹಬ್ಬದ ಕೇಕು. ಹೆಸರಿನ ಕೊನೆಯ ಅಕ್ಷರ ಜಾರಿ ಕೇಕಿನ ಅಂಚಿನವರೆಗೆ ಹೋಗಿತ್ತು. ಅತ್ತೆ ಸ್ನಾನಕ್ಕೆ ಹೋಗಿದ್ದರು, ಒಯ್ಯುವವರು ಬಾಗಿಲಲ್ಲಿ ನಿಂತಿದ್ದರು. ಚಾಕುವಿನ ತುದಿಯಿಂದ ಆ ಅಕ್ಷರವನ್ನು ಎತ್ತಿ ತೆಗೆದು ಹೊಸದಾಗಿ ಬರೆದೆ. ಎರಡು ನಿಮಿಷದ ಕೆಲಸ. ಸಂಜೆ ಮಗುವಿನ ತಾಯಿ ಫೋನು ಮಾಡಿ, "ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು" ಅಂದಳಂತೆ. ಅತ್ತೆ ಅದನ್ನು ನನಗೆ ಎರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಅದು ಹೆಮ್ಮೆ ಎಂದುಕೊಂಡೆ. ಆಮೇಲೆ ತಿದ್ದುವುದನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ.

ನಮ್ಮದು ಮನೆಯ ಮುಂದಿನ ಕೋಣೆಯಲ್ಲೇ ನಡೆಯುವ ಕೇಕಿನ ಕೆಲಸ. ಒಂದು ಉದ್ದನೆಯ ಮೇಜು, ಒಂದು ಓವನ್ನು, ಎರಡು ಫ್ರಿಜ್ಜು, ಬೀದಿಗೆ ತೆರೆಯುವ ಒಂದು ಕಿಟಕಿ. ಅತ್ತೆ ಇದನ್ನು ಶುರುಮಾಡಿದಾಗ ನನ್ನ ಗಂಡ ಇನ್ನೂ ಶಾಲೆಗೆ ಹೋಗುತ್ತಿದ್ದರಂತೆ. ನಾನು ಈ ಮನೆಗೆ ಬಂದ ಮೇಲೆ ಮೇಜಿನ ಒಂದು ತುದಿ ನನ್ನದಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ನಮ್ಮಲ್ಲಿ ನಡೆಯಲಿಲ್ಲ. ಇಬ್ಬರದೂ ಒಂದೇ ಕಾಲ, ಹನ್ನೊಂದು ವರ್ಷದಿಂದ.

ಪ್ರತಿ ಕ್ರಿಸ್‌ಮಸ್‌ಗೆ ಆಸ್ಪತ್ರೆಯ ಮಕ್ಕಳ ವಾರ್ಡಿಗೆಂದು ನೂರ ಇಪ್ಪತ್ತು ಕೇಕ್ ಪಾಪ್ ನಮ್ಮಲ್ಲಿಂದ ಹೋಗುತ್ತವೆ. ಮೊದಲ ವರ್ಷ ಕೇಳಿಕೊಂಡು ಬಂದವರು ಆ ವಾರ್ಡಿನ ದೊಡ್ಡ ಸಿಸ್ಟರ್. ತಟ್ಟೆ, ಚಮಚ ಏನೂ ಬೇಡ, ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಬೇಕು, ಇನ್ನೊಂದು ಕೈಯಲ್ಲಿ ಡ್ರಿಪ್ಪಿನ ಸೂಜಿ ಇರುತ್ತದೆ ಎಂದಿದ್ದರು. ಅತ್ತೆ "ಹಾಗಾದ್ರೆ ಕಡ್ಡಿ ಮೇಲೆ ಕೂರಿಸೋಣ" ಎಂದರು. ಅಂದಿನಿಂದ ಆ ವಾರ್ಡಿನ ಮಕ್ಕಳ ಬಾಯಲ್ಲಿ ಅವರು ಕಡ್ಡಿ ಅಜ್ಜಿ. ಸಪೂರ ಮೈಗೆ ಹೆಸರು ಹೇಳಿ ಮಾಡಿಸಿದಂತಿದೆ ಎಂದು ನನ್ನ ಗಂಡ ಇವತ್ತಿಗೂ ನಗುತ್ತಾರೆ.

ಕೆಲಸ ಹೀಗೆ. ಹಿಂದಿನ ದಿನ ಬೇಯಿಸಿದ ಕೇಕನ್ನು ಕೈಯಲ್ಲಿ ಪುಡಿ ಮಾಡಿ, ಬೆಣ್ಣೆ ಕ್ರೀಮು ಬೆರೆಸಿ, ಅಂಗೈಯಲ್ಲಿ ಉರುಳಿಸಿ ಉಂಡೆ ಕಟ್ಟಬೇಕು. ಕ್ರೀಮು ಹೆಚ್ಚಾದರೆ ಉಂಡೆ ಕಡ್ಡಿಯಿಂದ ಇಳಿದು ಕುತ್ತಿಗೆ ಸಿಕ್ಕಿಸಿಕೊಂಡವರ ಹಾಗೆ ನೇತಾಡುತ್ತದೆ. ಕಡ್ಡಿಯ ತುದಿಯನ್ನು ಕರಗಿದ ಚಾಕೊಲೇಟಿನಲ್ಲಿ ಅದ್ದಿ ಉಂಡೆಗೆ ಚುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಅದು ಹಿಡಿದುಕೊಳ್ಳುತ್ತದೆ. ಆಮೇಲೆ ಇಡೀ ಉಂಡೆಯನ್ನು ಬಿಳಿ ಚಾಕೊಲೇಟಿನಲ್ಲಿ ಮುಳುಗಿಸಿ, ಬಟ್ಟಲಿನ ಅಂಚಿಗೆ ಮೆಲ್ಲಗೆ ತಟ್ಟಿ, ಥರ್ಮೋಕೋಲಿನ ಹಲಗೆಗೆ ಸಾಲಾಗಿ ನಿಲ್ಲಿಸುವುದು. ಇಷ್ಟಾದರೆ ಹಿಮದ ಬೊಂಬೆಯ ತಲೆ ತಯಾರು. ಕೆಂಪು ಟೋಪಿ, ಕಿತ್ತಳೆ ಮೂಗು ನನ್ನ ಪಾಲಿಗೆ. ಕಣ್ಣು ಮಾತ್ರ ಅತ್ತೆಯದು. ಟೂತ್‌ಪಿಕ್ಕಿನ ತುದಿಯಲ್ಲಿ ಕಪ್ಪು ಚಾಕೊಲೇಟು, ಒಂದು ಬೊಂಬೆಗೆ ಎರಡು ಚುಕ್ಕಿ. "ಕಣ್ಣು ಇಡೋದು ಒಂದೇ ಕೈ ಆಗಿರಬೇಕು. ಇಲ್ಲಾಂದ್ರೆ ಎಲ್ಲ ಬೇರೆ ಬೇರೆ ಮನೆ ಮಕ್ಕಳ ಹಾಗೆ ಕಾಣ್ತಾವೆ" ಎನ್ನುತ್ತಿದ್ದರು.

ಈ ವರ್ಷ ಆ ಕೈ ನಡುಗುತ್ತಿತ್ತು.

ಚುಕ್ಕಿ ಹಣೆಗೆ ಹತ್ತುತ್ತಿತ್ತು, ಮೂಗಿನ ಪಕ್ಕಕ್ಕೆ ಇಳಿಯುತ್ತಿತ್ತು. ಅವರು ಮಧ್ಯಾಹ್ನ ಊಟ ಮಾಡಿ ಒಳಗೆ ಅಡ್ಡಾದ ಮೇಲೆ ನಾನು ಹಲಗೆಯ ಮುಂದೆ ಕೂರುತ್ತಿದ್ದೆ. ಕೆಟ್ಟ ಕಣ್ಣನ್ನು ಕೆರೆದು, ಮೇಲೆ ಒಂದು ತೊಟ್ಟು ಬಿಳಿ ಚಾಕೊಲೇಟು ಸವರಿ, ಆರಿದ ಮೇಲೆ ಹೊಸ ಚುಕ್ಕಿ. ಮೂರೂವರೆಗೆ ಮಗಳು ಶಾಲೆಯಿಂದ ಬರುವಷ್ಟರಲ್ಲಿ ಎಲ್ಲ ಬೊಂಬೆಗಳೂ ನೆಟ್ಟಗೆ ನೋಡುತ್ತಿರುತ್ತಿದ್ದವು. ಉಪಕಾರ ಮಾಡುತ್ತಿದ್ದೇನೆ ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಇಷ್ಟರಲ್ಲಿ ಇನ್ನೊಂದು ವಿಷಯ ನನ್ನ ತಲೆ ಕೊರೆಯತೊಡಗಿತ್ತು. ಅತ್ತೆ ದಿನಾ ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡು, "ಇವತ್ತು ಹದಿನೆಂಟು, ಗುರುವಾರ. ಸರಿ ತಾನೆ?" ಎಂದು ಕೇಳುತ್ತಿದ್ದರು. ಹಾಸಿಗೆಯಲ್ಲಿ ಮಲಗಿ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಬಾಗಿಲಿನ ಚಿಲಕ ಹಾಕಿ ಬಂದವರು ಎದ್ದು ಹೋಗಿ ಮತ್ತೆ ನೋಡುತ್ತಿದ್ದರು. "ಅಜ್ಜಿ, ನಿಮಗೂ ಪರೀಕ್ಷೆ ಇದೆಯಾ?" ಎಂದು ಮಗಳು ಕೇಳಿದರೆ, "ಇದೆ ಕಣೇ, ಫೇಲಾದರೆ ನಿನ್ನ ಪಕ್ಕದ ಬೆಂಚಿಗೆ ಬಂದು ಕೂರ್ತೀನಿ" ಎಂದಿದ್ದರು. ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅತ್ತೆಯ ತಾಯಿಗೆ ಕೊನೆಗಾಲದಲ್ಲಿ ಬುದ್ಧಿ ಮಂಕಾಗಿತ್ತು, ಹೆತ್ತ ಮಗಳನ್ನೇ ಅಕ್ಕ ಎಂದು ಕರೆಯುತ್ತಿದ್ದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೈಯ ಹಿಂದೆಯೇ ತಲೆಯೂ ಹೊರಟಿತಲ್ಲ ಎಂದು ಹೆದರಿದೆ.

ಬೊಂಬೆಗಳನ್ನು ಕಳಿಸಬೇಕಾದ ದಿನ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಮಧ್ಯಾಹ್ನ ಅತ್ತೆ ಒಳಗೆ ಹೋದ ಮೇಲೆ ಹಲಗೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಮೂರನೇ ಸಾಲಿನಲ್ಲಿ ಒಂದು ಬೊಂಬೆಗೆ ಮೂರು ಕಣ್ಣಿತ್ತು. ಎರಡು ಅವುಗಳ ಜಾಗದಲ್ಲಿ, ಮೂರನೆಯದು ಹಣೆಯ ನಡುವೆ, ಒಂದಿಷ್ಟೂ ಜಾರದೆ ದುಂಡಗೆ. ಕೈ ನಡುಗಿದರೆ ಕಣ್ಣು ಓರೆಯಾಗಬಹುದು, ಸಂಖ್ಯೆ ಹೆಚ್ಚಾಗುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆ ಚುಕ್ಕಿಯನ್ನು ಕೆರೆದು, ಹಣೆಯನ್ನು ನುಣ್ಣಗೆ ಮಾಡಿ, ಬೊಂಬೆಯನ್ನು ಅದರ ಜಾಗದಲ್ಲೇ ಚುಚ್ಚಿದೆ.

ಎರಡು ಗಂಟೆಗೆ ಅತ್ತೆ ಎದ್ದು ಬಂದರು. ಮುಖ ತೊಳೆದಿರಲಿಲ್ಲ. ಏಪ್ರನ್ ಬಿಚ್ಚದೆ ಮಲಗಿದ್ದರು ಅಂತ ಕಾಣುತ್ತದೆ. ಹಲಗೆಯ ಮುಂದೆ ನಿಂತು ಬೆರಳಿನಿಂದ ಸಾಲು ಎಣಿಸಿದರು.

"ಬಾ ಇಲ್ಲಿ."

"ಏನತ್ತೆ?"

"ಮೂರನೇ ಸಾಲಲ್ಲಿ ನಾಲ್ಕನೇದು ತೆಗಿ."

ತೆಗೆದೆ.

"ಅದಕ್ಕೆಷ್ಟು ಕಣ್ಣಿದೆ?"

"ಎರಡು."

"ಸರಿಯಾಗಿ ನೋಡಿ ಹೇಳು."

"ಎರಡೇ ಅತ್ತೆ."

ಅವರು ಏಪ್ರನ್ನಿನ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ಸಾಲು ಮೂರು, ಎಡದಿಂದ ನಾಲ್ಕು, ಕಣ್ಣು ಮೂರು.

"ಬೇಕಂತಲೇ ಇಟ್ಟಿದ್ದು," ಎಂದರು ಅತ್ತೆ. "ಇಟ್ಟು, ಬರೆದುಕೊಂಡು ಹೋಗಿ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು. ಈಗ ಹೇಳು. ಮೂರು ಇಟ್ಟೆ ಅಂತ ನನಗೇ ಭ್ರಮೆನಾ? ಚೀಟಿ ಬರೆದಿದ್ದು ಮಾತ್ರ ನಿಜಾನಾ?"

ಹೇಳಬಾರದ ಮಾತು ಹೇಳಲು ಬಾಯಿ ತೆರೆದೆ. "ಬೇರೆ ಹಲಗೇಲಿ ಇಟ್ಟಿರಬೇಕು ಅತ್ತೆ, ನಿಮಗೆ ಮರೆ…"

ಮಾತು ಮುಗಿಸಲಿಲ್ಲ. ಅವರ ಮುಖ ನೋಡಿದೆ. ಅವರು ನನ್ನನ್ನು ನಂಬುತ್ತಿದ್ದರು. ಮೇಜಿನ ಅಂಚನ್ನು ಹಿಡಿದುಕೊಂಡು, ತಲೆಯನ್ನು ಮೆಲ್ಲಗೆ ಆಡಿಸುತ್ತಾ, ಹೌದೇನೋ, ಹಾಗೇ ಇರಬೇಕು ಎಂದು ಒಪ್ಪಿಕೊಳ್ಳುತ್ತಿದ್ದರು. ಇನ್ನೊಂದು ಅಕ್ಷರ ಆಡಿದ್ದರೆ ಆ ಹೆಂಗಸು ತನಗೆ ಹುಚ್ಚು ಹಿಡಿದಿದೆ ಎಂದು ನನ್ನ ಕಣ್ಣೆದುರೇ ತೀರ್ಮಾನ ಮಾಡಿಬಿಡುತ್ತಿದ್ದರು.

"ನಾನೇ ಅಳಿಸಿದ್ದು," ಎಂದೆ.

"ಏನು?"

"ಮೂರು ಇತ್ತು. ನಾನೇ ಕೆರೆದು ತೆಗೆದೆ. ನಿಮಗೆ ಗೊತ್ತಿಲ್ಲದೆ ಇಟ್ಟಿದೀರಿ ಅಂದ್ಕೊಂಡೆ."

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಒಲೆಯ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದ್ದ ಚಾಕೊಲೇಟಿನ ಬಟ್ಟಲು ಸಣ್ಣಗೆ ಟಕಟಕ ಎನ್ನುತ್ತಿತ್ತು. ಹಬೆ ಹನಿಯಾಗಿ ಒಳಗೆ ಬಿದ್ದರೆ ಇಡೀ ಬಟ್ಟಲು ಗಂಟು ಕಟ್ಟುತ್ತದೆ. ನಾನು ಹೋಗಿ ಒಲೆ ಆರಿಸಿದೆ. ಬೇರೇನು ಮಾಡಬೇಕು ಎಂದು ತೋಚಲಿಲ್ಲ.

"ಇದೊಂದೇನಾ?"

"ಅಲ್ಲ."

"ಎಷ್ಟು ದಿನದಿಂದ?"

"ಸೆಪ್ಟೆಂಬರಿಂದ."

"ಆ ಮುತ್ತು ಪೋಣಿಸಿದ ಅಕ್ಷರ?"

"ಕೊನೇದು ನಂದು."

ಅವರು ನಕ್ಕರು.

"ಅಲ್ಲ ಕಣೇ, ಕೈ ನಂದೇ ಅಲ್ವಾ? ಅದು ನಡುಗೋದು ನನಗೆ ಗೊತ್ತಾಗಲ್ವಾ? ನಡುಗುತ್ತೆ, ಚುಕ್ಕಿ ಜಾರುತ್ತೆ, ಕಣ್ಣಾರೆ ನೋಡ್ತೀನಿ. ಒಂದು ಗಂಟೆ ಬಿಟ್ಟು ಬಂದು ನೋಡಿದ್ರೆ ಎಲ್ಲ ನೆಟ್ಟಗಿದೆ. ಜನ ಬೇರೆ ಹೊಗಳ್ತಾರೆ. ಹಾಗಾದ್ರೆ ಜಾರಿದ್ದು ಯಾವುದು? ಕನಸಾ? ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಇಲ್ಲದ್ದೆಲ್ಲ ಕಾಣೋದು. ನಾಲ್ಕು ತಿಂಗಳು, ನಾಲ್ಕು ತಿಂಗಳು ಒಂದನೇ ಕ್ಲಾಸಿನ ಮಗು ಹಾಗೆ ಮಗ್ಗಿ ಹೇಳ್ಕೊಂಡು ಮಲಗಿದೀನಿ. ಆ ಪುಟ್ಟ ಹುಡುಗಿ ಹತ್ರ ತಾರೀಖು ಒಪ್ಪಿಸಿದೀನಿ."

"ನಿಮಗೆ ನೋವಾಗಬಾರದು ಅಂತ ಮಾಡಿದೆ ಅತ್ತೆ."

"ನೋವು ಕೈಯಲ್ಲಿತ್ತು. ನೀನು ಅದನ್ನ ತಲೆಗೆ ಹತ್ತಿಸಿದೆ."



ಅಷ್ಟರಲ್ಲಿ ಫೋನು ಬಂತು, ಅತ್ತೆಗೂ ಕೇಳಿಸುವಷ್ಟು ಜೋರು ದನಿ. ದೊಡ್ಡ ಸಿಸ್ಟರ್. ಗಾಡಿ ನಾಲ್ಕಕ್ಕೆ ಬರುತ್ತದೆ, ತಯಾರಿದೆಯಾ ಎಂದು ಕೇಳಿದರು. "ಕಡ್ಡಿ ಅಜ್ಜಿ ಎಲ್ಲಿ? ಇಲ್ಲೊಬ್ಬ ಹುಡುಗ ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂತಾ ಇದಾನೆ, ಅವನಿಗೆ ಕೋಪ ಮಾಡ್ಕೊಂಡಿರೋ ಬೊಂಬೆನೇ ಬೇಕಂತೆ." ನಾನು ಫೋನನ್ನು ಅತ್ತೆಯ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಆಯ್ತು ಸಿಸ್ಟರ್, ನಾಲ್ಕಕ್ಕೆ" ಎಂದು ನಾನೇ ಹೇಳಿ ಫೋನಿಟ್ಟೆ.

ಅತ್ತೆ ಒಳಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು. ಇನ್ನು ಅವರು ಈ ಕೋಣೆಗೆ ಬರುವುದಿಲ್ಲ ಎಂದುಕೊಂಡೆ. ಆದರೆ ಬಂದರು. ಮುಖ ತೊಳೆದು, ತಲೆಗೂದಲನ್ನು ಬಿಗಿಯಾಗಿ ಕಟ್ಟಿಕೊಂಡಿದ್ದರು.

"ಕಣ್ಣಿಲ್ಲದವು ಎಷ್ಟು ಉಳಿದಿವೆ?"

"ಮೂವತ್ತಾರು."

"ಕೂತ್ಕೋ. ಅಲ್ಲಿ ಬೇಡ, ನನ್ನ ಎದುರಿಗೆ. ನಾನು ಇಡ್ತೀನಿ. ಒಂದೊಂದಕ್ಕೂ ಹೇಗಿದೆ ಅಂತ ಬಾಯಿಬಿಟ್ಟು ಹೇಳು. ಕೆಟ್ಟಿದ್ರೆ ನನ್ನೆದುರಿಗೇ ಅಳಿಸು."

ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಅವರು ಟೂತ್‌ಪಿಕ್ಕನ್ನು ಅದ್ದಿದರು. ಮೊದಲನೆಯ ಚುಕ್ಕಿ ಸರಿ ಬಿತ್ತು. ಎರಡನೆಯದು ಇಳಿಯಿತು.

"ಹೇಗಿದೆ?"

ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಅವರ ಕೆಲಸಕ್ಕೆ ಹೆಸರಿಟ್ಟವಳಲ್ಲ.

"ಹೇಳೇ."

"ಒಂದು ಕಣ್ಣು ಕೆನ್ನೆಗೆ ಇಳಿದಿದೆ ಅತ್ತೆ."

"ಹ್ಞಾಂ. ತೆಗಿ."

ನಾನು ಕೆರೆಯುವುದನ್ನು ಅವರು ಬಾಗಿ ನೋಡಿದರು. ಚಾಕುವನ್ನು ಹೇಗೆ ಹಿಡಿದೆ, ಬಿಳಿಯನ್ನು ಹೇಗೆ ಸವರಿದೆ, ಎಲ್ಲ. "ಅಂಚು ಕಾಣ್ತಿದೆ, ಇನ್ನೂ ತೆಳ್ಳಗೆ ಸವರು" ಎಂದರು. ತಿದ್ದುವುದರಲ್ಲೂ ನನಗೆ ಅವರು ಕಲಿಸುವುದು ಬಾಕಿ ಇತ್ತು.

ಎರಡನೆಯ ಬೊಂಬೆ ಸರಿ ಬಂತು. ಮೂರನೆಯದು ಹಣೆಗೆ ಹತ್ತಿತು. ನಾಲ್ಕನೆಯದರಲ್ಲಿ ಟೂತ್‌ಪಿಕ್ಕು ಮೂಗಿಗೆ ತಾಗಿ ಮೂಗೇ ಉದುರಿತು. "ಇದಕ್ಕೆ ಬೇಕಾದಷ್ಟು ಕೋಪ ಬಂದಿದೆ, ಆ ಹುಡುಗನಿಗೆ ಇದೇ ಹೋಗ್ಲಿ" ಎಂದರು. ನಾನು ನಗಲು ಹೋದೆ, ಅತ್ತೆ ನಗುತ್ತಿರಲಿಲ್ಲ. ಹೀಗೆ ಹತ್ತಾದವು.

"ಹತ್ತರಲ್ಲಿ ನಾಲ್ಕು ಸರಿ," ಎಂದರು. "ಅಲ್ವಾ?"

"ನಾಲ್ಕು."

"ಇಷ್ಟು ನನ್ನ ಕೈ." ಅವರು ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು. ಆಗಲೂ ಅವು ತಮ್ಮಷ್ಟಕ್ಕೆ ಅಲುಗುತ್ತಿದ್ದವು. "ಹಬ್ಬ ಮುಗೀಲಿ, ಡಾಕ್ಟರ ಹತ್ರ ಹೋಗೋಣ. ಸೆಪ್ಟೆಂಬರಲ್ಲೇ ಹೋಗಬೇಕಿತ್ತು. ಏನಂತ ಹೋಗ್ಲಿ? ನಡುಗುತ್ತೆ ಡಾಕ್ಟ್ರೇ, ಆದ್ರೆ ಬರೆದಿದ್ದೆಲ್ಲ ನೆಟ್ಟಗಿದೆ ಅಂತಾನಾ?"

"ತಪ್ಪಾಯ್ತು ಅತ್ತೆ."

"ಆಯ್ತು," ಎಂದರು. ಹೊಟ್ಟೆಗೆ ಹಾಕಿಕೊಂಡೆ ಎನ್ನಲಿಲ್ಲ. ಬಿಡು ಎಂದೂ ಅನ್ನಲಿಲ್ಲ. ಮುಂದಿನ ಬೊಂಬೆಯ ಕಡ್ಡಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

ಅದಕ್ಕೆ ಅವರು ತುಂಬಾ ಹೊತ್ತು ತೆಗೆದುಕೊಂಡರು. ಉಸಿರು ಹಿಡಿದು ಒಂದು ಚುಕ್ಕಿ. ಬಿಟ್ಟು, ಮತ್ತೆ ಹಿಡಿದು ಇನ್ನೊಂದು. ಎರಡೂ ಒಂದೇ ಗೆರೆಯಲ್ಲಿ ದುಂಡಗೆ ಕೂತವು. ಕಳೆದ ವರ್ಷದ್ದೋ, ಅದರ ಹಿಂದಿನ ವರ್ಷದ್ದೋ ಎನ್ನುವ ಹಾಗಿದ್ದವು.

"ಇದು?"

"ಚೆನ್ನಾಗಿದೆ ಅತ್ತೆ. ಮುಟ್ಟೋ ಹಾಗಿಲ್ಲ."

ಅತ್ತೆ ಬೊಂಬೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಅಡುಗೆಗೆ ಉಪ್ಪು ಸಾಕಾ ಎಂದು ಕೇಳಿದಾಗಲೂ, ಮಗಳ ಜ್ವರ ಇಳಿದಿದೆಯಾ ಎಂದು ಕೇಳಿದಾಗಲೂ ನಾನು ಹೇಳಿದ್ದನ್ನು ಅಲ್ಲಿಗೇ ಒಪ್ಪಿಕೊಳ್ಳುತ್ತಿದ್ದ ಹೆಂಗಸು ಅವರು.

"ನಿಜ ಹೇಳು."

"ನಿಜ."

ಅವರು ಎದ್ದರು. ಆ ಬೊಂಬೆಯನ್ನು ಹಿಡಿದು ಕಿಟಕಿಯ ಬಳಿ ಬೆಳಕಿಗೆ ಹೋಗಿ, ಕನ್ನಡಕ ಏರಿಸಿ ಇಳಿಸಿ, ತಾವೇ ನೋಡಿದರು. ನಾನು ಕೈಯಲ್ಲಿ ಚಾಕು ಹಿಡಿದುಕೊಂಡು ಕಾಯುತ್ತಾ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಬಂದು ಅದನ್ನು ಹಲಗೆಗೆ ಚುಚ್ಚಿದರು.

"ಹೌದು," ಎಂದರು. "ಮುಂದಿನದು ಕೊಡು."