ಮೇಲೇರಿದ ಗೆರೆ

"ಆ ಒಂದು ಗೆರೆ ತೆಗೆದ್ಬಿಡಮ್ಮ," ಎಂದರು ಅಂಜನಮೂರ್ತಿ ಫೋನಿನಲ್ಲಿ. "ಮಿಕ್ಕಿದ್ದೆಲ್ಲ ಸರಿಯಾಗೇ ಇದೆ. ಅದೊಂದು ಕಾಣಿಸ್ದೇ ಇದ್ರೆ ಯಾರೂ ಏನೂ ಕೇಳಲ್ಲ."

ಯಮುನಾ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು. ಪರದೆಯ ಮೇಲೆ ನಗರದ ಪೂರ್ವ ಭಾಗದ ಹಳೆಯ ಬಾವಿಗಳ ನೀರಿನ ಮಟ್ಟ ತೋರಿಸುವ ಗ್ರಾಫ್ ಇತ್ತು. ಒಂದೊಂದು ಬಾವಿಗೆ ಒಂದೊಂದು ಬಣ್ಣದ ಗೆರೆ. ಏಪ್ರಿಲ್ ತಿಂಗಳು. ಹೊರಮಾವು, ಕೆ.ಆರ್. ಪುರ, ಹಲಸೂರು, ಎಲ್ಲ ಕಡೆಯ ಗೆರೆಗಳೂ ಇಳಿಯುತ್ತಿದ್ದವು. ಫ್ರೇಜರ್ ಟೌನಿನದು ಮಾತ್ರ ಹಾಗಿರಲಿಲ್ಲ. ವರ್ಷಗಟ್ಟಲೆ ತಳದಲ್ಲಿ ಅಲುಗದೆ ಮಲಗಿದ್ದ ಆ ಹಸಿರು ಗೆರೆ ಮಾರ್ಚಿನಲ್ಲಿ ತಲೆಯೆತ್ತಿ, ಮತ್ತೆ ಇಳಿಯುವ ಮಾತಿಲ್ಲದೆ ಮೇಲಕ್ಕೆ ಹೋಗಿತ್ತು.

"ಮಧ್ಯಾಹ್ನ ವಾರ್ಡ್ ಆಫೀಸಿಗೆ ಇಂಜಿನಿಯರ್‌ಗಳು ಬರ್ತಾರೆ," ಅಂಜನಮೂರ್ತಿ ಮುಂದುವರಿಸಿದರು. "ಬಾವಿಗಳ ಹೂಳು ತೆಗೆಸ್ತೀವಿ ಅಂತ ಒಪ್ಪಿರೋದೇ ಈ ಗ್ರಾಫ್ ನಂಬಿ. ಒಣಗಿದ ಬಾವೀಲಿ ಬೇಸಿಗೇಲಿ ನೀರು ಏರ್ತಿದೆ ಅಂದ್ರೆ ನಗ್ತಾರೆ. ಒಂದು ಸುಳ್ಳು ಅಂತ ಗೊತ್ತಾದ್ರೆ ಎಲ್ಲಾನೂ ಸುಳ್ಳು ಅಂತಾರೆ."

"ಸ್ವಲ್ಪ ಹೊತ್ತು ಕೊಡಿ ಸರ್. ಯಾಕೆ ಹೀಗಾಯ್ತು ಅಂತ ಗೊತ್ತಾಗ್ದೆ ತೆಗೆದ್ರೆ ನಾಳೆ ಇನ್ನೊಂದು ಗೆರೆ ಹೀಗೇ ಎದ್ದು ಕೂರತ್ತೆ."

ಅಂಜನಮೂರ್ತಿ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಕೆಲಸ ಬಿಟ್ಟ ಮೇಲೆ ಸ್ಕೂಟರಿನಲ್ಲಿ ಬೀದಿ ಬೀದಿ ಸುತ್ತಿ, ಯಾರ ಹಿತ್ತಲಲ್ಲಿ ಹಳೆಯ ತೆರೆದ ಬಾವಿ ಉಳಿದಿದೆಯೋ ಅವರನ್ನೆಲ್ಲ ಹುಡುಕಿ ಮಾತಾಡಿಸಿದ್ದರು. ಹಗ್ಗಕ್ಕೆ ಅಡಿಗೊಂದು ಬಣ್ಣದ ಬಟ್ಟೆ ಕಟ್ಟಿ, ತುದಿಗೆ ಕಬ್ಬಿಣದ ನಟ್ಟು ಪೋಣಿಸಿ ಮನೆಮನೆಗೆ ಹಂಚಿದ್ದರು. ವಾರಕ್ಕೊಮ್ಮೆ ಹಗ್ಗ ಇಳಿಸಿ ನೀರು ಎಷ್ಟು ಆಳದಲ್ಲಿದೆ ಎಂದು ನೋಡಿ, ವೆಬ್‌ಸೈಟಿನಲ್ಲಿ ಫೋನಿನಿಂದಲೇ ಅಂಕಿ ತುಂಬಬೇಕು, ಅಷ್ಟೇ. ವೆಬ್‌ಸೈಟನ್ನು ಯಾರೋ ಪರಿಚಯದ ಹುಡುಗ ಮಾಡಿಕೊಟ್ಟು ಮರೆತಿದ್ದ. ಅಂಥ ಮರೆತ ವೆಬ್‌ಸೈಟುಗಳನ್ನು ರಿಪೇರಿ ಮಾಡುವುದೇ ಯಮುನಾಳ ಕಸುಬು. ಹಲಸೂರಿನ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಬೇಕರಿಯೊಂದರದ್ದು, ಹಲ್ಲಿನ ಡಾಕ್ಟರದ್ದು, ಕಲ್ಯಾಣಮಂಟಪದ್ದು ಎಂದು ನೋಡಿಕೊಳ್ಳುತ್ತಿದ್ದಳು. ಆ ಬೇಕರಿಗೆ ಹೋಗಿ ಬನ್ ತಿಂದವಳಲ್ಲ, ಆ ಡಾಕ್ಟರಿಗೆ ಹಲ್ಲು ತೋರಿಸಿದವಳೂ ಅಲ್ಲ.

ಹಿಂದಿನ ದಿನ ಅಂಜನಮೂರ್ತಿ ಸೈಟ್ ತೆರೆದಾಗ ಬರೀ ಬಿಳಿ ಪುಟ. ನಡುವೆ 'ಗಂಭೀರ ದೋಷ ಸಂಭವಿಸಿದೆ' ಎಂಬ ಒಂದು ಸಾಲು. ಯಾರೂ ಕೇಳದೆಯೇ ಸೈಟು ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿತ್ತು. ಇಂಥದ್ದು ಯಮುನಾಳಿಗೆ ಹೊಸದಲ್ಲ. ಪ್ಲಗಿನ್‌ಗಳು, ಎಂದರೆ ಸೈಟಿಗೆ ಸೇರಿಸಿದ ಪುಟ್ಟ ಪ್ರೋಗ್ರಾಂಗಳು, ಇರುವ ಫೋಲ್ಡರಿನ ಹೆಸರು ಬದಲಾಯಿಸಿದಳು. ಅವೆಲ್ಲ ಒಟ್ಟಿಗೆ ನಿಂತುಹೋಗಿ ಸೈಟು ಉಸಿರಾಡಿತು. ಆಮೇಲೆ ಒಂದೊಂದನ್ನೇ ಚಾಲೂ ಮಾಡುತ್ತ ಬಂದಾಗ, ಗ್ರಾಫ್ ಬರೆಯುವ ಪ್ಲಗಿನ್ನಿನ ಹತ್ತಿರ ಮತ್ತೆ ಬಿಳಿ ಪುಟ. ಹೊಸ ಆವೃತ್ತಿ ಸರ್ವರಿಗೆ ಹೊಂದುತ್ತಿರಲಿಲ್ಲ. ಹಳೆಯದನ್ನೇ ತಂದು ಕೂರಿಸಿದಳು. ಉಳಿದುಕೊಂಡಿದ್ದ ಹಳೆಯ ಪುಟಗಳನ್ನೆಲ್ಲ ಅಳಿಸಿದಳು. ಗ್ರಾಫ್ ಬಂತು. ಹಸಿರು ಗೆರೆಯೂ ಬಂತು.

ಈಗ ಸೈಟಿನ ಒಂದು ನಕಲನ್ನು ಬೇರೆಡೆ ಇಟ್ಟುಕೊಂಡು ಅದರಲ್ಲಿ ಬೇರೆ ಗ್ರಾಫ್ ಪ್ಲಗಿನ್ ಹಾಕಿ ನೋಡಿದಳು. ಗೆರೆ ಏರಿತು. ಪುಟದ ಅಂದ ನೋಡಿಕೊಳ್ಳುವ ಥೀಮ್ ಬದಲಿಸಿದಳು. ಏರಿತು. ಕೊನೆಗೆ ಗ್ರಾಫನ್ನೇ ಬಿಟ್ಟು ಅಂಕಿಗಳು ಕೂಡಿಡುವ ಡೇಟಾಬೇಸ್ ತೆರೆದಳು. ಅಲ್ಲಿ ಪ್ರತಿ ಶುಕ್ರವಾರವೂ ಫ್ರೇಜರ್ ಟೌನಿನಿಂದ ಒಂದು ಅಂಕಿ ಬಂದಿತ್ತು. ವಾರವಾರಕ್ಕೂ ನೀರು ಮೇಲೆ. ಆ ಶುಕ್ರವಾರಗಳೆಲ್ಲ ಅಪ್‌ಡೇಟ್ ಆಗುವುದಕ್ಕೆ ಮೊದಲಿನವು.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಸೈಟು ಬೇಗ ತೆರೆಯಲೆಂದು ಅದನ್ನು ಮಾಡಿಕೊಟ್ಟ ಹುಡುಗ ಒಂದು ಪ್ಲಗಿನ್ ಹಾಕಿದ್ದ. ಅದು ಪುಟವನ್ನು ಒಮ್ಮೆ ಕಟ್ಟಿ ತೆಗೆದಿಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ತೋರಿಸುತ್ತದೆ. ಹೊಸ ಅಂಕಿ ಬಂದಾಗ ಪುಟವನ್ನು ಹೊಸದಾಗಿ ಕಟ್ಟಬೇಕಿತ್ತು. ಫೆಬ್ರವರಿಯಿಂದ ಆ ಕೆಲಸ ನಿಂತಿತ್ತು. ಅಲ್ಲಿಂದೀಚೆಗೆ ಸೈಟು ಎಲ್ಲರಿಗೂ ಫೆಬ್ರವರಿಯ ಚಿತ್ರವನ್ನೇ ತೋರಿಸಿಕೊಂಡು ಕೂತಿತ್ತು. ಮಗಳ ಬಾಣಂತನಕ್ಕೆಂದು ಕೋಲಾರಕ್ಕೆ ಓಡಾಡುತ್ತಿದ್ದ ಅಂಜನಮೂರ್ತಿ ಅದನ್ನು ಗಮನಿಸಿರಲಿಲ್ಲ. ಅಪ್‌ಡೇಟ್ ಸೈಟನ್ನು ಕೆಡಿಸಿ, ಯಮುನಾ ಆ ಹಳೆಯ ಪುಟ ಅಳಿಸಿ ಮತ್ತೆ ಕಟ್ಟದಿದ್ದರೆ ಇನ್ನೂ ಗೊತ್ತಾಗುತ್ತಿರಲಿಲ್ಲ.

"ಸರ್, ಸೈಟಲ್ಲಿ ತಪ್ಪಿಲ್ಲ," ಎಂದಳು ಫೋನ್ ಮಾಡಿ. "ಇದು ಫ್ರೇಜರ್ ಟೌನಿನವರ ಫೋನಿಂದಾನೇ ಬಂದಿರೋ ನಂಬರ್."

"ಹಾಗಾದ್ರೆ ಆ ಮನೆ ಶರ್ಫುನ್ನೀಸಾ ಆಪಾನೇ ಏನೋ ಬರೀತಿದಾರೆ, ಪಾಪ," ಎಂದರು ಅಂಜನಮೂರ್ತಿ. "ಅವರ ಮಗ ಓವೈಸ್ ಬಾವಿ ಮುಚ್ಚಿಸ್ತೀನಿ, ಇನ್ನು ಬರ್ಬೇಡಿ ಅಂತ ಫೆಬ್ರವರೀಲೇ ಹೇಳಿದ್ರು. ನನಗೂ ಮುಖ ತೋರ್ಸೋಕೆ ಆಗ್ಲಿಲ್ಲ. ಆ ಬಾವಿ ಮೂವತ್ತು ವರ್ಷದಿಂದ ಒಣಗಿದೆ ಕಣಮ್ಮ. ಮುಚ್ತಾರಲ್ಲಾ ಅನ್ನೋ ಸಂಕಟಕ್ಕೆ ನೀರಿದೆ ನೀರಿದೆ ಅಂತ ಹಾಕ್ತಿರ್ಬೇಕು."

ಯಮುನಾಳಿಗೂ ಅದೇ ನಿಜವೆನಿಸಿತು. ಗೆರೆ ಮರೆಮಾಡುವ ಗುಂಡಿಯ ಮೇಲೆ ಮೌಸಿನ ಬಾಣ ಇಟ್ಟಳು. ಒತ್ತಲಿಲ್ಲ. ಸುಳ್ಳು ಬರೆಯುವವರು ಇಷ್ಟು ಮೆಲ್ಲಗೆ ಬರೆಯುತ್ತಾರೆಯೇ ಎಂದು ಅವಳಿಗೆ ಅನ್ನಿಸಿತು. ಒಂದು ವಾರ ಅರ್ಧ ಅಡಿ, ಇನ್ನೊಂದು ವಾರ ಒಂದೂವರೆ, ಮತ್ತೊಂದು ವಾರ ಏನೂ ಇಲ್ಲ. ಅಂಕಿಯ ಪಕ್ಕದಲ್ಲಿದ್ದ ನಂಬರಿಗೆ ಫೋನ್ ಹಚ್ಚಿದಳು.

"ವೆಬ್‌ಸೈಟ್ ಕಡೆಯಿಂದನಾ?" ವಯಸ್ಸಾದ ದನಿ. "ಮೂರ್ತಿ ಸಾಬ್ ಚೆನ್ನಾಗಿದಾರಾ? ಬರೋದೇ ಬಿಟ್ಬಿಟ್ರು."

"ಚೆನ್ನಾಗಿದಾರೆ ಅಮ್ಮ. ನಿಮ್ಮ ಬಾವಿ ನೀರಿನ ಅಳತೆ ಕೇಳೋಣ ಅಂತ ಮಾಡ್ದೆ. ಅದು ಹೇಗೆ ನೋಡ್ತೀರಿ ನೀವು?"

"ನೋಡೋದೇನು ಬೇಟಿ, ನನಗೆ ಕೆಳಗೆ ಕಾಣಿಸೋದಿಲ್ಲ. ಹಗ್ಗ ಬಿಡ್ತೀನಿ, ಎಳೀತೀನಿ, ಕೈಲಿ ಮುಟ್ಟಿ ನೋಡ್ತೀನಿ. ಮೊದಲು ನಟ್ಟು ಒದ್ದೆ ಬಂತು. ಆಮೇಲೆ ಅದರ ಮೇಲಿನ ಬಟ್ಟೆ. ಈಗ ಹಗ್ಗ ತುಂಬಾ ಮೇಲಿನವರೆಗೂ ಒದ್ದೆ ಬರ್ತದೆ."

"ಮನೇಲಿ ಹೇಳಿದ್ರಾ?"

"ಹೇಳಿದೆ. ಓವೈಸ್ ಟಾರ್ಚ್ ಹಾಕಿ ನೋಡಿದ. ಎಲ್ಲಿದೆ ಅಮ್ಮಿ, ಎಲೆ ಬಿದ್ದಿದೆ ಅಂದ. ಇವತ್ತು ಮಣ್ಣಿನ ಟ್ರಾಕ್ಟರ್ ಬರ್ತದೆ. ನೀನು ಬರ್ತೀಯಾದ್ರೆ ಬೇಗ ಬಾ."

ಹಾಗೆ ಕರೆದದ್ದಕ್ಕೆ ಯಮುನಾ ಹೊರಟಳೋ, ಒದ್ದೆ ಹಗ್ಗ ಎಂದದ್ದಕ್ಕೋ ಅವಳಿಗೇ ಗೊತ್ತಿರಲಿಲ್ಲ. ಕೆ.ಆರ್. ಪುರದಿಂದ ಆಗಲೇ ಹೊರಟಿದ್ದ ಅಂಜನಮೂರ್ತಿಯವರಿಗೆ ನೇರ ಫ್ರೇಜರ್ ಟೌನಿಗೇ ಬರಲು ಹೇಳಿ ಆಟೊ ಹತ್ತಿದಳು. ಕೋಲ್ಸ್ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಅಪಾರ್ಟ್‌ಮೆಂಟಿನ ಗೇಟಿಗೆ ಹಿಂದಕ್ಕೆ ಹೋಗುತ್ತ ದಾರಿಯನ್ನೆಲ್ಲ ಅಡ್ಡಗಟ್ಟಿತ್ತು.

ಮಾಸ್ಕ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹೆಂಚಿನ ಹಳೆಯ ಮನೆ. ಗೇಟಿನ ಒಳಗೆ ಮಣ್ಣು, ಕಟ್ಟಡದ ಅವಶೇಷ ತುಂಬಿದ ಟ್ರಾಕ್ಟರ್ ನಿಂತಿತ್ತು. ಅದರ ಚಾಲಕ ಜಟ್ಟೆಪ್ಪ, ಯಾದಗಿರಿ ಕಡೆಯವನು, ಎಂಜಿನ್ ಆರಿಸಿ ಮೆಟ್ಟಿಲ ಮೇಲೆ ಕೂತಿದ್ದ. ಬಾವಿಕಟ್ಟೆಗೆ ತಾಗಿಸಿ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶರ್ಫುನ್ನೀಸಾ ಕೂತಿದ್ದರು. ಸಣ್ಣ ಮೈಕಟ್ಟು, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಸುತ್ತಿಟ್ಟ ಹಗ್ಗ. ಅವರು ಏಳದೆ ಟ್ರಾಕ್ಟರ್ ಮುಂದೆ ಬರುವಂತಿರಲಿಲ್ಲ.

"ನಾನೇನು ಶೋಕಿಗೆ ಮುಚ್ತಿಲ್ಲ ಮೇಡಂ," ಎಂದ ಓವೈಸ್. ಶಿವಾಜಿನಗರದ ತನ್ನ ಹಾರ್ಡ್‌ವೇರ್ ಅಂಗಡಿಯನ್ನು ಬಿಟ್ಟು ಬಂದಿದ್ದ ಅವನಿಗೆ ತಾಯಿಯನ್ನು ಎಬ್ಬಿಸುವ ಮನಸ್ಸಿರಲಿಲ್ಲ, ಕೆಲಸ ನಿಲ್ಲಿಸುವ ಮನಸ್ಸೂ ಇರಲಿಲ್ಲ. "ಕಟ್ಟೆ ಬಿರುಕು ಬಿಟ್ಟಿದೆ ನೋಡಿ. ನನ್ನ ಮಗಳಿಗೆ ನಾಲ್ಕು ವರ್ಷ. ಅಮ್ಮಿ ಬೇರೆ ಶುಕ್ರವಾರ ಬಂದ್ರೆ ಇದರ ಮೇಲೇ ಬಗ್ಗಿರ್ತಾರೆ. ಬಿದ್ರೆ ಏನ್ಮಾಡ್ಲಿ ನಾನು?"

ಅಷ್ಟರಲ್ಲಿ ಅಂಜನಮೂರ್ತಿಯವರ ಸ್ಕೂಟರ್ ಬಂತು. ಅವರು ಹೆಲ್ಮೆಟ್ ತೆಗೆದು ಕೈಯಲ್ಲೇ ಹಿಡಿದು, ಶರ್ಫುನ್ನೀಸಾರ ಮುಂದೆ ತಪ್ಪು ಮಾಡಿದವರಂತೆ ನಿಂತರು.

"ಆಪಾ, ಒಂದ್ಸಲ ನೋಡ್ಬಿಡ್ತೀವಿ."

"ನೋಡಿ. ನಾನು ಬೇಡ ಅಂದ್ನಾ?"

ಓವೈಸ್, ಅಂಜನಮೂರ್ತಿ ಸೇರಿ ಬಾವಿಯ ಮೇಲಿನ ತಗಡು ಸರಿಸಿದರು. ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಯಮುನಾ ಕಟ್ಟೆ ಹಿಡಿದು ಬಗ್ಗಿದಳು. ಕಲ್ಲಿನ ಸುತ್ತುಗೋಡೆ, ಸಂದುಗಳಲ್ಲಿ ಬೆಳೆದ ಜರೀಗಿಡ, ಅದರ ಕೆಳಗೆ ಕತ್ತಲು. ಕತ್ತಲಿಗೆ ಕಣ್ಣು ಹೊಂದಿದ ಮೇಲೆ ತಳ ಕಾಣಿಸಿತು: ಕಂದು ಬಣ್ಣದ ಒಣಗಿದ ಎಲೆಗಳು ಗೋಡೆಯಿಂದ ಗೋಡೆಗೆ ಚಾಪೆ ಹಾಸಿದಂತೆ ಬಿದ್ದಿದ್ದವು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ತಳಾನೇ ಅಲ್ವೇನಮ್ಮ ಅದು?" ಎಂದರು ಅಂಜನಮೂರ್ತಿ, ಅವಳಿಗಷ್ಟೇ ಕೇಳುವಂತೆ.

ಯಮುನಾ ಹೂಂ ಎಂದಳು. ಹಸಿರು ಗೆರೆಯನ್ನು ಫೋನಿನಿಂದಲೇ ಮರೆಮಾಡಬಹುದು ಎಂದುಕೊಂಡಳು. ಈ ಮುದುಕಿಯ ಮುಂದೆ ಹಾಗೆ ಮಾಡುವುದಕ್ಕೆ ಕೈ ಬರಲಿಲ್ಲ; ಗೇಟಿನಾಚೆ ಹೋದ ಮೇಲೆ ಮಾಡೋಣವೆಂದು ನಿರ್ಧರಿಸಿದಳು.

ಶರ್ಫುನ್ನೀಸಾ ಎದ್ದರು. ಯಾರನ್ನೂ ಕೇಳದೆ, ಕಟ್ಟೆಗೆ ಹೊಟ್ಟೆ ಒತ್ತಿ ನಿಂತು ಹಗ್ಗ ಬಿಡತೊಡಗಿದರು. ಓವೈಸ್ ಬಂದು ಹಿಂದಿನಿಂದ ಅವರ ಭುಜ ಹಿಡಿದುಕೊಂಡ. ಬಣ್ಣದ ಬಟ್ಟೆಗಳು ಅವರ ಬೆರಳುಗಳ ನಡುವಿನಿಂದ ಒಂದರ ಹಿಂದೆ ಒಂದು ಜಾರಿ ಇಳಿದವು. ನಟ್ಟು ಎಲೆಗಳ ಮೇಲೆ ಬಿತ್ತು.

ಬಿದ್ದು ನಿಲ್ಲಲಿಲ್ಲ. ಒಳಗೆ ಹೋಯಿತು.

ಆ ಜಾಗದಲ್ಲಿ ಎಲೆಗಳು ಬಿಟ್ಟುಕೊಂಡವು. ಅಂಗೈಯಗಲದ ಕಪ್ಪು ತೂತು ಕಾಣಿಸಿತು. ಅದು ತಟ್ಟೆಯಷ್ಟಾಯಿತು, ಮೊರದಷ್ಟಾಯಿತು. ಅಲೆ ಗೋಡೆ ಮುಟ್ಟಿ ತಿರುಗಿ ಬಂದಾಗ ಎಲೆಗಳೆಲ್ಲ ಅಂಚಿಗೆ ಸರಿದವು. ಕೆಳಗಿನಿಂದ ನೀಲಿ ಆಕಾಶದ ಒಂದು ತುಂಡು ಅವರನ್ನು ನೋಡಿತು. ಅದರೊಳಗೆ ನಾಲ್ಕು ತಲೆಗಳು, ಅಲೆಯ ಜೊತೆಗೆ ಉದ್ದವಾಗುತ್ತ ಗಿಡ್ಡವಾಗುತ್ತ.

ಹಿಂದಿನ ದಿನದಿಂದ ಯಮುನಾ ಅಳಿಸಿ, ಬದಲಿಸಿ, ಎಲ್ಲೋ ದೋಷವಿದೆಯೆಂದು ಹುಡುಕಿದ್ದು ಇದನ್ನೇ. ಯಾರೂ ನೋಡದಿದ್ದಾಗ, ಬಿಸಿಲಿನ ತಿಂಗಳುಗಳಲ್ಲಿ, ಕಲ್ಲಿನ ಸಂದುಗಳಿಂದ ಜಿನುಗಿ ಜಿನುಗಿ, ತನ್ನ ಮೇಲೆ ಬಿದ್ದ ಎಲೆಗಳನ್ನೂ ಎತ್ತಿಕೊಂಡು ಅದು ಮೇಲೆ ಬಂದಿತ್ತು.

ಓವೈಸ್ ತಾಯಿಯ ಭುಜದಿಂದ ಕೈ ತೆಗೆಯಲಿಲ್ಲ. "ಅಮ್ಮಿ," ಎಂದ. ಆಮೇಲೆ, "ಪೈಪ್ ಒಡೆದಿರ್ಬೇಕು ಎಲ್ಲೋ," ಎಂದ, ತನ್ನ ಮಾತನ್ನು ತಾನೇ ನಂಬದವನಂತೆ.

"ಇರಬೋದು. ಪರೀಕ್ಷೆ ಮಾಡ್ಸೋಣ," ಎಂದರು ಅಂಜನಮೂರ್ತಿ. "ಇಲ್ಲಿನ ನೀರೆಲ್ಲ ಎಳೀತಿದ್ದ ಪಕ್ಕದ ಅಪಾರ್ಟ್‌ಮೆಂಟಿನವರ ಬೋರ್‌ವೆಲ್ ಈಗ್ಲೂ ಓಡತ್ತಾ?"

"ಇಲ್ಲ. ಕಾವೇರಿ ಲೈನ್ ಬಂದ್ಮೇಲೆ ನಿಲ್ಸಿದಾರೆ. ಆಯ್ತು, ಸುಮಾರು ದಿನ." ಓವೈಸ್ ಅತ್ತ ತಿರುಗಿ ಎತ್ತರದ ಕಟ್ಟಡವನ್ನು ನೋಡಿದ. ಆಮೇಲೆ ಮತ್ತೆ ಬಾವಿಯೊಳಗೆ ನೋಡಿದ.

ಜಟ್ಟೆಪ್ಪ ಯಾವಾಗ ಬಂದು ನಿಂತಿದ್ದನೋ. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬಂದಿದ್ದ. "ಸಾಹೇಬ್ರ, ಸಿಟ್ಟಿಗೇಳಬ್ಯಾಡ್ರೀ," ಎಂದ ಮೆತ್ತಗೆ. "ನೀರಿದ್ದ ಬಾವಿಗೆ ಮಣ್ಣ ಹಾಕಾಂಗಿಲ್ರೀ ನಾ. ಬಾಡಗಿ ಬ್ಯಾಡ, ಮತ್ತೆಲ್ಲರ ಹೇಳ್ರೀ, ಅಲ್ಲಿ ಸುರೂತೇನಿ."

"ಇಲ್ಲಿ ಹಾಕು ಅಂತ ಯಾರು ಹೇಳಿದ್ರು ಈಗ?" ಎಂದ ಓವೈಸ್. ಆಮೇಲೆ ಬಿರುಕು ಬಿಟ್ಟ ಕಟ್ಟೆಯ ಮೇಲೆ ಕೈಯಾಡಿಸುತ್ತ, "ಇದನ್ನ ಎತ್ತರಿಸಿ ಕಟ್ಟಿ, ಮೇಲೆ ಗಟ್ಟಿ ಜಾಲರಿ ಕೂರಿಸ್ಬೇಕು. ಬೀಗ ಇರ್ಬೇಕು," ಎಂದ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ. ಅವನ ಕಣ್ಣು ಮಾತ್ರ ನೀರಿನ ಮೇಲೇ ಇತ್ತು.

ಅಂಜನಮೂರ್ತಿ ಗಡಿಯಾರ ನೋಡಿಕೊಂಡರು. ವಾರ್ಡ್ ಆಫೀಸಿಗೆ ಹೊರಡುವ ಹೊತ್ತಾಗುತ್ತಿತ್ತು. "ಗೆರೆ ಇರ್ಲಮ್ಮ," ಎಂದರು ಯಮುನಾಳಿಗೆ. "ನಗೋರನ್ನ ಇಲ್ಲಿಗೇ ಕರ್ಕೊಂಡ್ಬರ್ತೀನಿ." ಆದರೆ ಸ್ಕೂಟರಿನ ಕಡೆ ಹೋಗದೆ ಅಲ್ಲೇ ನಿಂತರು.

ಶರ್ಫುನ್ನೀಸಾರಿಗೆ ಆಫೀಸು, ಇಂಜಿನಿಯರು ಯಾವುದೂ ಬೇಕಿರಲಿಲ್ಲ. "ನನ್ನ ಮದುವೆ ಆದ ವರ್ಷ ಬಗ್ಗಿದ್ರೆ ಕೈಗೆ ಸಿಗೋದು," ಎಂದು ಯಾರಿಗೋ ಹೇಳಿಕೊಂಡರು. "ಸ್ವಲ್ಪ ತೆಗೀರಿ. ನೋಡೋಣ."

ಸೊಸೆ ಒಳಗಿನಿಂದ ಬಿಳಿಯ ಪ್ಲಾಸ್ಟಿಕ್ ಬಕೆಟ್ ತಂದುಕೊಟ್ಟಳು. ಜಟ್ಟೆಪ್ಪ ತನ್ನ ಟ್ರಾಕ್ಟರಿನ ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದ. ಓವೈಸ್ ಇಳಿಬಿಟ್ಟು, ಮೆಲ್ಲಗೆ ಎಳೆದ. ಬಕೆಟ್ ಗೋಡೆಗೆ ತಾಗಿದಾಗೆಲ್ಲ ನೀರು ಚೆಲ್ಲಿ ಕೆಳಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಆ ಸದ್ದಿಗಾಗಿ ಎಲ್ಲರೂ ಕಿವಿಗೊಟ್ಟಂತಿತ್ತು.

ಕಟ್ಟೆಯ ಮೇಲೆ ಇಟ್ಟಾಗ ನೀರು ಚಹಾದಂತೆ ಕೆಂಪಗಿತ್ತು. ಒಂದು ಎಲೆ ತೇಲುತ್ತಿತ್ತು. ಯಮುನಾ ಅದನ್ನು ತೆಗೆಯಲು ಕೈ ಚಾಚಿದಳು.

"ಅಲುಗಿಸಬೇಡ ಬೇಟಿ," ಎಂದರು ಶರ್ಫುನ್ನೀಸಾ. "ಹಾಗೇ ಬಿಡು. ತಿಳಿಯಾಗ್ತದೆ."

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು. ಗಲ್ಲಿಯಲ್ಲಿ ಯಾರದೋ ಬೈಕು ಹಾದುಹೋಯಿತು. ಉಳಿದವರೂ ಬಕೆಟಿನ ಸುತ್ತ ನಿಂತರು. ಮಣ್ಣು ಸಣ್ಣ ಸಣ್ಣ ಎಳೆಗಳಾಗಿ ಇಳಿಯುತ್ತಿತ್ತು. ಎಲೆಯ ಸುತ್ತ, ಉಗುರಿನಷ್ಟು ಆಳಕ್ಕೆ, ಬಕೆಟಿನ ಬಿಳಿ ಕಾಣತೊಡಗಿತ್ತು.